ಸರ್ವಾಧಿಕಾರದ ಉದಯ ಮತ್ತು ಎರಡನೆಯ ಮಹಾಯುದ್ಧದ ಕಾರಣಗಳು

1918ನೆಯ ಇಸವಿ ನವೆಂಬರ್ 11ರಂದು ಮೊದಲನೆಯ ಮಹಾಯುದ್ಧ ನಿಂತಿತು. ರಷ್ಯದ ಜಾರ್ ದೊರೆ, ಜರ್ಮನಿಯ ಕೈಸರ್, ಆಸ್ಟ್ರಿಯ-ಹಂಗೆರಿಯ ಚಕ್ರವರ್ತಿ ಈ ಮೂವರ ಆಳ್ವಿಕೆಯೂ ಅಷ್ಟರಲ್ಲಿ ಕೊನೆಗಂಡಿತ್ತು. ತುರ್ಕಿಯ ಸುಲ್ತಾನನ ಪದವಿಯೂ 1922ರಲ್ಲಿ ರದ್ದಾಯಿತು. ಅರಸೊತ್ತಿಗೆಗಳು ಉರುಳಿದ ನೆಲದಲ್ಲಿ ಹೊಸ ಸಂವಿಧಾನಗಳು, ಹೊಸ ಸಂಸತ್ತುಗಳು ತಲೆಯೆತ್ತಿದವು. ಇನ್ನು ಮುಂದೆ ಪ್ರಜೆಗಳೇ ಪ್ರಭುಗಳು, ಯುದ್ಧದ ಕಾಲ ಮುಗಿಯಿತು ಎಂದು ಲೋಕದ ಹಲವರು ನಂಬಿದರು. ಆದರೆ ಇಪ್ಪತ್ತೊಂದು ವರ್ಷ ತುಂಬುವುದರೊಳಗೆ ಯೂರೋಪಿನ ಬಹುಭಾಗ ನಿರಂಕುಶ ಪ್ರಭುತ್ವಗಳ ಹಿಡಿತಕ್ಕೆ ಸಿಕ್ಕಿ, ಮೊದಲನೆಯದಕ್ಕಿಂತಲೂ ಭೀಕರವಾದ ಎರಡನೆಯ ಮಹಾಯುದ್ಧ ಭುಗಿಲೆದ್ದಿತು. ಕವಿಗಳಿಗೂ ತತ್ತ್ವಜ್ಞರಿಗೂ ವಿಜ್ಞಾನಿಗಳಿಗೂ ಹೆಸರಾಗಿದ್ದ, ಅಕ್ಷರಸ್ಥರಿಂದಲೇ ತುಂಬಿದ್ದ ಜರ್ಮನಿಯಂಥ ನಾಡು ಈ ದಾರಿ ಹಿಡಿದುದು ಹೇಗೆ? ಈ ಪ್ರಶ್ನೆ ಇತಿಹಾಸಕಾರರಿಗೆ ಎಷ್ಟು ಮುಖ್ಯವೋ ವಿದ್ಯಾಸಂಸ್ಥೆಗಳಿಗೂ ಅಷ್ಟೇ ಮುಖ್ಯವಾದುದು.

ಸರ್ವಂಕಷ ಪ್ರಭುತ್ವದ ಸ್ವರೂಪ

ಹಿಂದಿನ ಕಾಲದ ನಿರಂಕುಶ ದೊರೆಗೂ ಇಪ್ಪತ್ತನೆಯ ಶತಮಾನದ ಸರ್ವಾಧಿಕಾರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಹಳೆಯ ದೊರೆ ಕಂದಾಯ ಕೇಳುತ್ತಿದ್ದ, ದಂಡಿಗೆ ಆಳು ಕೇಳುತ್ತಿದ್ದ, ತನ್ನೆದುರು ತಲೆಬಾಗಬೇಕೆನ್ನುತ್ತಿದ್ದ. ಪ್ರಜೆಯ ಮನೆಮಾತು, ಮಕ್ಕಳ ಪಾಠ, ಕೂಲಿಕಾರರ ಸಂಘ ಇವು ಬಹುಮಟ್ಟಿಗೆ ಅವನ ಕೈಗೆ ಎಟುಕುತ್ತಿರಲಿಲ್ಲ. ಹೊಸ ಸರ್ವಾಧಿಕಾರಿಗೆ ಮನುಷ್ಯನ ಮೈಯಷ್ಟೇ ಸಾಲದು, ಮನಸ್ಸೂ ಬೇಕು. ಒಂದೇ ಪಕ್ಷ, ಒಬ್ಬನೇ ನಾಯಕ, ಗುಪ್ತ ಪೊಲೀಸು, ಪತ್ರಿಕೆ-ರೇಡಿಯೋ-ಚಲನಚಿತ್ರಗಳ ಮೇಲೆ ಪೂರ್ಣ ಹತೋಟಿ, ಬಾಲಕರಿಂದ ಮುದುಕರವರೆಗೆ ಎಲ್ಲರನ್ನೂ ಸೇರಿಸಿಕೊಳ್ಳುವ ಸರಕಾರಿ ಸಂಘಗಳು ಇದರ ಲಕ್ಷಣಗಳು. ಇಂಥ ರಾಜ್ಯಕ್ಕೆ ‘ಸರ್ವಂಕಷ’ ಎಂಬರ್ಥದ ಹೆಸರನ್ನು 1923ರಲ್ಲಿ ಮೊದಲು ಬಳಸಿದವರು ಇಟಲಿಯ ಮುಸೊಲಿನಿಯ ವಿರೋಧಿಗಳು. ಬೈಗುಳವಾಗಿ ಹುಟ್ಟಿದ ಆ ಮಾತನ್ನು ಮುಸೊಲಿನಿ ಬಿರುದಿನಂತೆ ಎತ್ತಿಕೊಂಡನು.

1922ರ ಅಕ್ಟೋಬರಿನಲ್ಲಿ ಇಟಲಿಯ ದೊರೆಯೇ ಮುಸೊಲಿನಿಯನ್ನು ಕರೆದು ಪ್ರಧಾನಿಯ ಪಟ್ಟ ಕೊಟ್ಟನು. 1924ರಲ್ಲಿ ಚುನಾವಣೆಯ ಅಕ್ರಮಗಳನ್ನು ಸಂಸತ್ತಿನಲ್ಲಿ ಬಯಲಿಗೆಳೆದ ಮತ್ತಿಯೋತಿ ಎಂಬ ಸದಸ್ಯನನ್ನು ಫ್ಯಾಸಿಸ್ಟರು ಕೊಂದರು. ಇದನ್ನು ಖಂಡಿಸಿದ ಪಕ್ಷಗಳು ಸಭೆಯಿಂದ ಹೊರನಡೆದವೇ ಹೊರತು ಒಗ್ಗಟ್ಟಾಗಿ ಎದುರಿಸಲಿಲ್ಲ. 1925ರ ಜನವರಿಯಿಂದ ಮುಸೊಲಿನಿ ಬಹಿರಂಗವಾಗಿಯೇ ಸರ್ವಾಧಿಕಾರಿಯಾದನು. ರಷ್ಯದಲ್ಲಿ 1924ರಲ್ಲಿ ಲೆನಿನ್ ತೀರಿಕೊಂಡ ಮೇಲೆ ಸ್ಟಾಲಿನ್ ಪಕ್ಷದ ಯಂತ್ರವನ್ನು ತನ್ನ ವಶಕ್ಕೆ ತೆಗೆದುಕೊಂಡನು. ರೈತರ ಭೂಮಿಯನ್ನು ಬಲವಂತವಾಗಿ ಸಾಮೂಹಿಕ ಬೇಸಾಯಕ್ಕೆ ಸೇರಿಸಿದುದರಿಂದ 1932-33ರ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತರು; 1937-38ರ ಎರಡೇ ವರ್ಷಗಳಲ್ಲಿ ಆರೂವರೆ ಲಕ್ಷಕ್ಕೂ ಮೇಲ್ಪಟ್ಟು ಜನರಿಗೆ ಮರಣದಂಡನೆಯಾಯಿತು. ಒಂದು ಕಡೆ ರಾಷ್ಟ್ರದ ಹೆಸರು, ಇನ್ನೊಂದು ಕಡೆ ಶ್ರಮಿಕರ ಹೆಸರು. ತತ್ತ್ವಗಳು ಬೇರೆಯಾದರೂ ಪ್ರಶ್ನಿಸುವವನಿಗೆ ಎರಡು ಕಡೆಯಲ್ಲೂ ಜಾಗವಿರಲಿಲ್ಲ.

ಸೋಲಿನ ಗಾಯ, ಹಸಿವಿನ ಬೇಗೆ

1919ರ ಜೂನ್ 28ರಂದು ಜರ್ಮನಿ ವರ್ಸೇಲ್ಸ್ ಕೌಲಿಗೆ ಸಹಿ ಹಾಕಿತು. ಅದು ತನ್ನ ಭೂಭಾಗದ ನೂರಕ್ಕೆ ಸುಮಾರು 13 ಪಾಲನ್ನು ಬಿಟ್ಟುಕೊಡಬೇಕಾಯಿತು. ಸೈನ್ಯವನ್ನು ಒಂದು ಲಕ್ಷಕ್ಕೆ ಇಳಿಸಬೇಕಾಯಿತು. ಯುದ್ಧದ ನಷ್ಟಕ್ಕೆ ಹೊಣೆ ತನ್ನದು ಎಂದು ಒಪ್ಪಬೇಕಾಯಿತು. 1921ರಲ್ಲಿ ಪರಿಹಾರದ ಮೊತ್ತವನ್ನು 13,200 ಕೋಟಿ ಚಿನ್ನದ ಮಾರ್ಕ್ ಎಂದು ಗೊತ್ತುಮಾಡಲಾಯಿತು. ಸೈನ್ಯ ರಣರಂಗದಲ್ಲಿ ಸೋತುದನ್ನು ಸೇನಾನಿಗಳು ಬಲ್ಲವರಾಗಿದ್ದರು. ಆದರೂ ಒಳಗಿನ ದ್ರೋಹಿಗಳು ಬೆನ್ನಿಗೆ ಚೂರಿ ಹಾಕಿದ್ದರಿಂದ ಸೋಲಾಯಿತೆಂಬ ಕಟ್ಟುಕಥೆಯನ್ನು ಅವರೇ ಹಬ್ಬಿಸಿದರು. ಕೌಲಿಗೆ ಸಹಿ ಹಾಕಿದ ಹೊಸ ಗಣರಾಜ್ಯದ ತಲೆಗೆ ಈ ಅಪವಾದ ಕಟ್ಟಿತು.

1923ರ ಜನವರಿಯಲ್ಲಿ ಪರಿಹಾರ ಸಲ್ಲಲಿಲ್ಲವೆಂದು ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆಗಳು ರೂರ್ ಕೈಗಾರಿಕಾ ಪ್ರದೇಶಕ್ಕೆ ನುಗ್ಗಿದವು. ಮುಷ್ಕರ ಹೂಡಿದ ಕೆಲಸಗಾರರಿಗೆ ಸಂಬಳ ಕೊಡಲು ಸರಕಾರ ನೋಟು ಅಚ್ಚುಹಾಕಿತು. ಯುದ್ಧಕ್ಕೆ ಮೊದಲು ಒಂದು ಡಾಲರಿಗೆ 4.2 ಮಾರ್ಕ್ ಇದ್ದ ಬೆಲೆ ಆ ವರ್ಷದ ನವೆಂಬರಿಗೆ 4.2 ಲಕ್ಷ ಕೋಟಿ ಮಾರ್ಕ್‌ಗೆ ಏರಿತು. ಜೀವಮಾನವಿಡೀ ಉಳಿಸಿದ್ದ ಮಧ್ಯಮವರ್ಗದ ದುಡ್ಡು ಕಾಗದದ ಚೂರಾಯಿತು. ಮುಂದೆ ನಾಲ್ಕೈದು ವರ್ಷ ಪರಿಸ್ಥಿತಿ ಸುಧಾರಿಸಿದಾಗ ಹಿಟ್ಲರನ ನಾಟ್ಸಿ ಪಕ್ಷವನ್ನು ಕೇಳುವವರೇ ಇರಲಿಲ್ಲ. 1928ರ ಚುನಾವಣೆಯಲ್ಲಿ ಅದಕ್ಕೆ ದೊರೆತ ಸ್ಥಾನಗಳು 12 ಮಾತ್ರ. 1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ಕುಸಿದು, ಅಲ್ಲಿಂದ ಬಂದಿದ್ದ ಸಾಲ ಹಿಂದಕ್ಕೆ ಹೋದಾಗ ಕಾರ್ಖಾನೆಗಳು ಮುಚ್ಚಿದವು. 1932ರ ಆರಂಭಕ್ಕೆ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷ ಮುಟ್ಟಿತ್ತು. ನಾಟ್ಸಿ ಸ್ಥಾನಗಳು 1930ರಲ್ಲಿ 107ಕ್ಕೂ, 1932ರ ಜುಲೈಯಲ್ಲಿ 230ಕ್ಕೂ ಏರಿದವು. ಹಸಿದವನಿಗೆ ಅನ್ನದ ಭರವಸೆ, ಅವಮಾನಿತನಿಗೆ ಸೇಡಿನ ಭರವಸೆ, ಎಲ್ಲ ಕಷ್ಟಕ್ಕೂ ಕಾರಣವೆಂದು ಬೆರಳಿಟ್ಟು ತೋರಿಸಲು ಯೆಹೂದಿ ನೆರೆಯವನು: ಹಿಟ್ಲರನ ಭಾಷಣಗಳ ಸಾರ ಇಷ್ಟೇ ಆಗಿತ್ತು.

ಕಾನೂನಿನ ಬಾಗಿಲಿನಿಂದ

ಹಿಟ್ಲರನು ಬಲಪ್ರಯೋಗದಿಂದ ರಾಜ್ಯ ಕಸಿದುಕೊಂಡನೆಂಬ ಭಾವನೆ ಸಾಮಾನ್ಯವಾಗಿದೆ. 1923ರ ನವೆಂಬರಿನಲ್ಲಿ ಮ್ಯೂನಿಕ್ ನಗರದಲ್ಲಿ ಅವನು ಹಾಗೆ ಯತ್ನಿಸಿ ಸೆರೆಮನೆ ಸೇರಿದ್ದನು. ಆಮೇಲೆ ಅವನು ಹಿಡಿದದ್ದು ಕಾನೂನಿನ ದಾರಿ. ಜರ್ಮನಿಯ ಸಂವಿಧಾನದ 48ನೆಯ ವಿಧಿ ತುರ್ತು ಸಂದರ್ಭದಲ್ಲಿ ಸುಗ್ರೀವಾಜ್ಞೆಗಳ ಮೂಲಕ ಆಳುವ ಅಧಿಕಾರವನ್ನು ಅಧ್ಯಕ್ಷನಿಗೆ ಕೊಟ್ಟಿತ್ತು. 1930ರಿಂದ ಸಂಸತ್ತಿನಲ್ಲಿ ಬಹುಮತವಿಲ್ಲದ ಮಂತ್ರಿಮಂಡಲಗಳು ಇದೇ ವಿಧಿಯ ಆಸರೆಯಲ್ಲಿ ಆಳಿದವು. ತುರ್ತಿನ ಮದ್ದು ನಿತ್ಯದ ಊಟವಾಯಿತು. ಸಂಸತ್ತನ್ನು ಬದಿಗಿಟ್ಟು ಆಳುವುದು ಹಿಟ್ಲರ್ ಬರುವ ಮೊದಲೇ ಜನಕ್ಕೆ ರೂಢಿಯಾಗಿತ್ತು.

1932ರ ನವೆಂಬರಿನ ಚುನಾವಣೆಯಲ್ಲಿ ನಾಟ್ಸಿಗಳ ಬಲ 196 ಸ್ಥಾನಗಳಿಗೆ ಇಳಿಯಿತು. ಅವರ ಅಲೆ ತಗ್ಗತೊಡಗಿದ್ದ ಆ ಹೊತ್ತಿನಲ್ಲಿಯೇ ಮಾಜಿ ಪ್ರಧಾನಿ ಪಾಪೆನ್ ಮೊದಲಾದ ಪ್ರತಿಷ್ಠಿತರು ವೃದ್ಧ ಅಧ್ಯಕ್ಷ ಹಿಂಡೆನ್‌ಬರ್ಗನ ಮನ ಒಲಿಸಿ, 1933ರ ಜನವರಿ 30ರಂದು ಹಿಟ್ಲರನನ್ನು ಪ್ರಧಾನಿಯನ್ನಾಗಿ ಮಾಡಿಸಿದರು. ಮಂತ್ರಿಮಂಡಲದಲ್ಲಿ ಅವನೂ ಸೇರಿ ಮೂವರೇ ನಾಟ್ಸಿಗಳಿದ್ದುದರಿಂದ ಅವನನ್ನು ತಮ್ಮ ಮುಷ್ಟಿಯಲ್ಲಿಟ್ಟುಕೊಳ್ಳಬಹುದೆಂದು ಅವರು ಎಣಿಸಿದ್ದರು. ಹಾವಿಗೆ ಹಾಲೆರೆದವರ ಎಣಿಕೆ ಎಂಟೇ ವಾರಗಳಲ್ಲಿ ಸುಳ್ಳಾಯಿತು. ಫೆಬ್ರವರಿ 27ರಂದು ಸಂಸತ್ ಭವನಕ್ಕೆ ಬೆಂಕಿ ಬಿದ್ದಿತು. ಮರುದಿನವೇ ವಾಕ್‌ಸ್ವಾತಂತ್ರ್ಯ, ಸಭಾಸ್ವಾತಂತ್ರ್ಯ, ಅಂಚೆಯ ಗೌಪ್ಯ ಎಲ್ಲವನ್ನೂ ಒಂದು ಸುಗ್ರೀವಾಜ್ಞೆ ನುಂಗಿತು. ಮಾರ್ಚ್ 23ರಂದು ಮಂತ್ರಿಮಂಡಲವೇ ಶಾಸನ ಮಾಡಬಹುದೆಂಬ ಮಸೂದೆ ಸಭೆಯ ಮುಂದೆ ಬಂದಿತು. ಕಮ್ಯುನಿಸ್ಟ್ ಸದಸ್ಯರು ಸೆರೆಯಲ್ಲಿದ್ದರು ಇಲ್ಲವೆ ತಲೆಮರೆಸಿಕೊಂಡಿದ್ದರು. ಸಮವಸ್ತ್ರದ ದಳದವರು ಸಭಾಂಗಣದಲ್ಲಿ ಸಾಲುಗಟ್ಟಿ ನಿಂತಿದ್ದರು. ಆ ಬೆದರಿಕೆಯ ನಡುವೆಯೂ ಸೋಷಿಯಲ್ ಡೆಮೊಕ್ರಾಟ್ ಪಕ್ಷದ ನಾಯಕ ಒಟ್ಟೊ ವೆಲ್ಸ್ ಎದ್ದು ನಿಂತು ಮಸೂದೆಯನ್ನು ವಿರೋಧಿಸಿ ಮಾತನಾಡಿದನು. ಅವನ ಪಕ್ಷದ 94 ಸದಸ್ಯರು ವಿರುದ್ಧ ಮತ ಹಾಕಿದರು. ಉಳಿದ ಪಕ್ಷಗಳೆಲ್ಲ ಕೈಯೆತ್ತಿ ತಮ್ಮ ಅಧಿಕಾರವನ್ನು ತಾವೇ ಬಿಟ್ಟುಕೊಟ್ಟವು. ಜುಲೈ 14ರ ಹೊತ್ತಿಗೆ ನಾಟ್ಸಿಯೊಂದನ್ನುಳಿದು ಬೇರೆ ಪಕ್ಷ ಕಟ್ಟುವುದೇ ಅಪರಾಧವಾಯಿತು. 1934ರ ಆಗಸ್ಟಿನಲ್ಲಿ ಹಿಂಡೆನ್‌ಬರ್ಗ್ ತೀರಿಕೊಂಡಾಗ ಸೈನಿಕರು ಹಿಟ್ಲರನ ಹೆಸರಿನಲ್ಲಿಯೇ ಪ್ರಮಾಣವಚನ ಸ್ವೀಕರಿಸಿದರು.

ಅರಿವು ಆಚಾರವನ್ನು ತೊರೆದಾಗ

ಪ್ರಭುತ್ವದ ಕಣ್ಣು ಮೊದಲು ಬಿದ್ದುದು ವಿದ್ಯಾಲಯಗಳ ಮೇಲೆ. 1933ರ ಏಪ್ರಿಲ್ 7ರ ಶಾಸನದಿಂದ ಯೆಹೂದಿ ಅಧ್ಯಾಪಕರೂ ಸರಕಾರಕ್ಕೆ ಬೇಡವಾದ ಇತರರೂ ಕೆಲಸ ಕಳೆದುಕೊಂಡರು. ಮೇ 10ರ ರಾತ್ರಿ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳೇ ಗ್ರಂಥಗಳನ್ನು ರಾಶಿಹಾಕಿ ಸುಟ್ಟರು. ಗಟಿಂಗೆನ್ ವಿಶ್ವವಿದ್ಯಾನಿಲಯದಿಂದ ಹೊರಬಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸರ್ ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935-36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿದ್ದರು. 1954ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಜರ್ಮನಿ ಹೊರದಬ್ಬಿದ ವಿದ್ವತ್ತನ್ನು ಬೇರೆ ನಾಡುಗಳು ಬರಮಾಡಿಕೊಂಡವು.

ಶಾಲೆಗಳಲ್ಲಿ ಜೀವಶಾಸ್ತ್ರದ ಹೆಸರಿನಲ್ಲಿ ಜನಾಂಗಗಳ ಮೇಲುಕೀಳು ಬೋಧನೆಯಾಯಿತು. ಗಣಿತದ ಪುಸ್ತಕದಲ್ಲಿಯೂ ವಿಷ ಹೊಕ್ಕಿತು: ಮನೋರೋಗಿಗಳ ಆಸ್ಪತ್ರೆಗೆ ತಗಲುವ ವೆಚ್ಚದಲ್ಲಿ ಎಷ್ಟು ಮನೆ ಕಟ್ಟಬಹುದೆಂದು ಮಕ್ಕಳು ಲೆಕ್ಕ ಮಾಡಬೇಕಾಗಿತ್ತು. ಮೇಲುನೋಟಕ್ಕೆ ಅದು ಭಾಗಾಕಾರದ ಸಾಧಾರಣ ಲೆಕ್ಕ. ಆದರೆ ಆ ಲೆಕ್ಕ ಬಿಡಿಸಿದ ಮಗು ರೋಗಿಯನ್ನು ಮನುಷ್ಯನೆಂದು ಕಾಣದೆ ಖರ್ಚಿನ ಬಾಬ್ತೆಂದು ಕಾಣುವುದನ್ನು ಕಲಿಯುತ್ತಿತ್ತು. 1940-41ರಲ್ಲಿ ಇಂಥ ರೋಗಿಗಳೂ ಅಂಗವಿಕಲರೂ ಸೇರಿ 70,000ಕ್ಕೂ ಹೆಚ್ಚು ಮಂದಿಯನ್ನು ವಿಷಾನಿಲದಿಂದ ಕೊಲ್ಲಲಾಯಿತು. ಅದನ್ನು ನಡೆಸಿದವರಲ್ಲಿ ವೈದ್ಯರಿದ್ದರು. ಅದೇ ಉಪಾಯವನ್ನು ಬೆಳೆಸಿ, ಯುದ್ಧ ಮುಗಿಯುವುದರೊಳಗೆ ಸುಮಾರು 60 ಲಕ್ಷ ಯೆಹೂದಿಗಳನ್ನು ಗುಂಡಿಕ್ಕಿಯೂ ವಿಷಾನಿಲದಿಂದಲೂ ಹಸಿವಿನಿಂದಲೂ ಕೊಂದರು.

ಇದೇ ಶಿಕ್ಷಣದ ನಡುವೆ ಬೆಳೆದರೂ ಎಚ್ಚೆತ್ತವರು ಕೆಲವರಿದ್ದರು. ಹಾನ್ಸ್ ಶೋಲ್ ಮತ್ತು ಅವನ ತಂಗಿ ಸೋಫಿ ಬಾಲ್ಯದಲ್ಲಿ ಹಿಟ್ಲರನ ಬಾಲಸಂಘಗಳನ್ನು ಉತ್ಸಾಹದಿಂದಲೇ ಸೇರಿದ್ದವರು. ಮ್ಯೂನಿಕ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾದ ಮೇಲೆ ಗೆಳೆಯರೊಡಗೂಡಿ ಪ್ರಭುತ್ವದ ಅನ್ಯಾಯವನ್ನು ಖಂಡಿಸುವ ಕರಪತ್ರಗಳನ್ನು ಹಂಚಿದರು. 1943ರ ಫೆಬ್ರವರಿ 22ರಂದು ಇಬ್ಬರಿಗೂ ಶಿರಚ್ಛೇದವಾಯಿತು. ಆಗ ಸೋಫಿಗೆ 21 ವರ್ಷ. ಅವರೊಡನಿದ್ದ ತತ್ತ್ವಶಾಸ್ತ್ರದ ಅಧ್ಯಾಪಕ ಕುರ್ಟ್ ಹ್ಯೂಬರ್ ಸಹ ಅದೇ ವರ್ಷ ಅದೇ ಶಿಕ್ಷೆಗೆ ಗುರಿಯಾದನು. ಪಾಂಡಿತ್ಯವಿದ್ದವರು ಜರ್ಮನಿಯಲ್ಲಿ ಬಹಳ ಜನರಿದ್ದರು. ಅರಿತದ್ದನ್ನು ಆಚರಿಸುವ ಧೈರ್ಯ ತೋರಿದವರು ಬೆರಳೆಣಿಕೆಯವರು.

ಯುದ್ಧದ ಮೆಟ್ಟಿಲುಗಳು

ಮುಂದಿನ ಯುದ್ಧಗಳನ್ನು ತಡೆಯಲೆಂದು ಸ್ಥಾಪಿತವಾಗಿದ್ದ ರಾಷ್ಟ್ರಸಂಘಕ್ಕೆ ಸ್ವಂತ ಸೈನ್ಯವಿರಲಿಲ್ಲ; ಅಮೆರಿಕ ಅದರ ಸದಸ್ಯನೇ ಆಗಲಿಲ್ಲ. 1931ರಲ್ಲಿ ಜಪಾನು ಮಂಚೂರಿಯವನ್ನು ಆಕ್ರಮಿಸಿತು. ಸಂಘ ಆಕ್ಷೇಪಿಸಿದಾಗ 1933ರಲ್ಲಿ ಸಂಘವನ್ನೇ ತೊರೆಯಿತು. 1935ರ ಅಕ್ಟೋಬರಿನಲ್ಲಿ ಮುಸೊಲಿನಿ ಇಥಿಯೋಪಿಯದ ಮೇಲೆ ದಂಡೆತ್ತಿ ಹೋದನು. ಸಂಘವು ಇಟಲಿಯೊಡನೆ ವ್ಯಾಪಾರವನ್ನು ನಿರ್ಬಂಧಿಸಿತಾದರೂ ಯುದ್ಧಕ್ಕೆ ಅತ್ಯಗತ್ಯವಾದ ತೈಲವನ್ನು ನಿರ್ಬಂಧದಿಂದ ಹೊರಗಿಟ್ಟಿತು. ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ದೇಶ ಕಳೆದುಕೊಂಡ ಚಕ್ರವರ್ತಿ ಹೈಲೆ ಸೆಲಾಸಿ 1936ರ ಜೂನಿನಲ್ಲಿ ಜಿನೀವದ ಸಭೆಗೆ ಬಂದು ನ್ಯಾಯ ಕೇಳಿ, ಬರಿಗೈಯಲ್ಲಿ ಹಿಂದಿರುಗಿದನು.

ಈ ದೌರ್ಬಲ್ಯವನ್ನು ಹಿಟ್ಲರ್ ಚೆನ್ನಾಗಿ ಅರಿತುಕೊಂಡನು. 1936ರ ಮಾರ್ಚ್ 7ರಂದು ಕೌಲನ್ನು ಮುರಿದು ರೈನ್ ಪ್ರಾಂತಕ್ಕೆ ಸೇನೆ ಕಳುಹಿಸಿದನು, ಯಾರೂ ತಡೆಯಲಿಲ್ಲ. 1938ರ ಮಾರ್ಚಿಯಲ್ಲಿ ಆಸ್ಟ್ರಿಯವನ್ನು ನುಂಗಿದನು. ಆ ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ಬ್ರಿಟನ್ನಿನ ಚೇಂಬರ್ಲಿನ್, ಫ್ರಾನ್ಸಿನ ದಲಾದಿಯೆ, ಮುಸೊಲಿನಿ ಹಾಗೂ ಹಿಟ್ಲರ್ ಕುಳಿತು ಚೆಕೊಸ್ಲೊವಾಕಿಯದ ಗಡಿನಾಡನ್ನು ಜರ್ಮನಿಗೆ ಒಪ್ಪಿಸಿದರು. ಯಾರ ನೆಲವನ್ನು ಹಂಚುತ್ತಿದ್ದರೋ ಅವರಿಗೇ ಆ ಸಭೆಯಲ್ಲಿ ಪೀಠವಿರಲಿಲ್ಲ. ಹಿಂದಿನ ಯುದ್ಧದ ಸಾವುನೋವುಗಳ ನೆನಪು, ಶಸ್ತ್ರಸಿದ್ಧತೆಯ ಕೊರತೆ, ವರ್ಸೇಲ್ಸ್ ಕೌಲು ಅತಿ ಕಠಿಣವಾಯಿತೆಂಬ ಅಳುಕು, ರಷ್ಯದ ಕಮ್ಯುನಿಸಂ ಬಗೆಗಿನ ಭೀತಿ ಇವೆಲ್ಲ ಆ ಮೆತ್ತನೆಯ ನೀತಿಗೆ ಕಾರಣಗಳು. 1939ರ ಮಾರ್ಚ್ 15ರಂದು ಜರ್ಮನ್ ಸೇನೆ ಪ್ರಾಗ್ ನಗರವನ್ನು ಹೊಕ್ಕಾಗ ಮ್ಯೂನಿಕ್ ಒಪ್ಪಂದ ಕಸವಾಯಿತು. ಆಗಸ್ಟ್ 23ರಂದು ಬದ್ಧವೈರಿಗಳಾಗಿದ್ದ ಹಿಟ್ಲರ್ ಮತ್ತು ಸ್ಟಾಲಿನ್ ಅನಾಕ್ರಮಣ ಒಪ್ಪಂದ ಮಾಡಿಕೊಂಡು ಪೋಲೆಂಡನ್ನು ಗುಟ್ಟಾಗಿ ಪಾಲು ಹಂಚಿಕೊಂಡರು. ಸೆಪ್ಟೆಂಬರ್ 1ರಂದು ಪೋಲೆಂಡಿನ ಮೇಲೆ ದಾಳಿಯಾಯಿತು; 3ರಂದು ಬ್ರಿಟನ್, ಫ್ರಾನ್ಸ್‌ಗಳು ಯುದ್ಧ ಸಾರಿದವು.

ಹಿಟ್ಲರ್ ಆರಂಭದಿಂದಲೇ ಯುದ್ಧದ ಯೋಜನೆ ಹಾಕಿದ್ದನೋ, ಒದಗಿದ ಅವಕಾಶಗಳನ್ನು ಬಳಸಿಕೊಂಡನೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. 1961ರಲ್ಲಿ ಎ.ಜೆ.ಪಿ. ಟೇಲರ್ ಎಂಬ ಆಂಗ್ಲ ವಿದ್ವಾಂಸ ಎರಡನೆಯ ವಾದವನ್ನು ಮುಂದಿಟ್ಟು ದೊಡ್ಡ ಚರ್ಚೆಯನ್ನೇ ಎಬ್ಬಿಸಿದನು. ಆದರೆ ಪೂರ್ವದಲ್ಲಿ ಹೊಸ ನೆಲ ಗೆಲ್ಲಬೇಕೆಂಬ ಗುರಿಯನ್ನು ಹಿಟ್ಲರ್ ತನ್ನ ಆತ್ಮಕಥೆಯಲ್ಲಿಯೇ ಬರೆದಿದ್ದನು. ಸಾಲ ಮಾಡಿ ಶಸ್ತ್ರ ಬೆಳೆಸಿದ ಅವನ ಅರ್ಥವ್ಯವಸ್ಥೆಯೂ ಪರರ ಸಂಪತ್ತನ್ನು ದೋಚದೆ ಬಹುಕಾಲ ನಿಲ್ಲುವಂತಿರಲಿಲ್ಲ. ಸರಕಾರವನ್ನು ತಡೆದು ಕೇಳುವ ಸಂಸತ್ತು, ಪತ್ರಿಕೆ, ನ್ಯಾಯಾಲಯಗಳು ಒಳನಾಡಿನಲ್ಲಿ ಇಲ್ಲವಾದಾಗ ಯುದ್ಧಕ್ಕೆ ಹೊರಟವನನ್ನು ಹಿಡಿದು ನಿಲ್ಲಿಸುವ ಕೈಯೂ ಇಲ್ಲವಾಯಿತು. ಸರ್ವಾಧಿಕಾರಕ್ಕೂ ಯುದ್ಧಕ್ಕೂ ಇರುವ ನಂಟು ಇದೇ.

ಭಾರತಕ್ಕೆ ತಟ್ಟಿದ ಬಿಸಿ

1939ರ ಜುಲೈ 23ರಂದು ಗಾಂಧೀಜಿಯವರು ಯುದ್ಧವನ್ನು ತಪ್ಪಿಸಬೇಕೆಂದು ಕೋರಿ ಹಿಟ್ಲರನಿಗೆ ಪತ್ರ ಬರೆದರು. ಬ್ರಿಟಿಷ್ ಸರಕಾರ ಅದನ್ನು ಮುಟ್ಟಗೊಡಲಿಲ್ಲ. ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಜನಪ್ರತಿನಿಧಿಗಳನ್ನು ಒಂದು ಮಾತೂ ಕೇಳದೆ ಭಾರತವನ್ನು ಯುದ್ಧಕ್ಕೆ ಸೇರಿಸಿದನು. ಇದನ್ನು ಪ್ರತಿಭಟಿಸಿ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆಯಿತ್ತವು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಸೇರಿದ್ದ ಮುಂಬಯಿ ಪ್ರಾಂತದ ಮಂತ್ರಿಮಂಡಲವೂ ಅವುಗಳಲ್ಲೊಂದು. ಸುಮಾರು 25 ಲಕ್ಷ ಭಾರತೀಯರು ಸೈನ್ಯದಲ್ಲಿ ಸೇವೆ ಸಲ್ಲಿಸಿದರು. 1940ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರಕಾರದ ನೆರವಿನಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾದುದು ಈ ಯುದ್ಧಕಾಲದಲ್ಲಿಯೇ. 1943ರಲ್ಲಿ ಬಂಗಾಳದ ಕ್ಷಾಮ ಲಕ್ಷಾಂತರ ಜೀವಗಳನ್ನು ಬಲಿತೆಗೆದುಕೊಂಡಿತು. ಜಗತ್ತಿನಾದ್ಯಂತ ಈ ಯುದ್ಧದಲ್ಲಿ ಅಳಿದವರು ಆರು ಕೋಟಿಗೂ ಮೇಲ್ಪಟ್ಟವರು.

ಈ ಅನುಭವ ಭಾರತದ ಸಂವಿಧಾನ ರಚಿಸಿದವರ ಕಣ್ಣಮುಂದಿತ್ತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಡಾ. ಬಿ.ಆರ್. ಅಂಬೇಡ್ಕರ್ ಅವರು, ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾಗಬಹುದು, ಆದರೆ ರಾಜಕೀಯದಲ್ಲಿ ವ್ಯಕ್ತಿಪೂಜೆಯು ಅವನತಿಗೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಎಂಬರ್ಥದ ಎಚ್ಚರಿಕೆಯನ್ನಿತ್ತರು. ತುರ್ತು ಅಧಿಕಾರದ ಅಪಾಯ ಜರ್ಮನಿಗಷ್ಟೇ ಮೀಸಲಲ್ಲವೆಂಬುದನ್ನು 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿ ಭಾರತಕ್ಕೂ ತೋರಿಸಿತು. 1978ರ 44ನೆಯ ತಿದ್ದುಪಡಿ ಆ ಅಧಿಕಾರಕ್ಕೆ ಬಿಗಿಯಾದ ಕಟ್ಟುಗಳನ್ನು ಹಾಕಿ, ತುರ್ತುಪರಿಸ್ಥಿತಿಯಲ್ಲಿಯೂ ಜೀವದ ಹಕ್ಕನ್ನು ಅಮಾನತಿನಲ್ಲಿಡಲಾಗದೆಂದು ವಿಧಿಸಿತು.

ಬರೆದ ಕಟ್ಟುಗಳು ಅಗತ್ಯ. ಆದರೆ ಅವುಗಳನ್ನು ಕಾಯುವವರು ಪ್ರಜೆಗಳೇ. ಜರ್ಮನಿಯ ಗಣರಾಜ್ಯದ ಸಂವಿಧಾನವನ್ನು ನಾಟ್ಸಿಗಳು ವಿಧಿವತ್ತಾಗಿ ರದ್ದುಗೊಳಿಸಲೇ ಇಲ್ಲ. ಅದು ಕಪಾಟಿನಲ್ಲಿ ಹಾಗೆಯೇ ಉಳಿದಿತ್ತು. ಉಳಿಯದೆ ಹೋದದ್ದು ಅದಕ್ಕಾಗಿ ದನಿಯೆತ್ತುವ ಜನ. ನೆರೆಯವನನ್ನು ಹೀನನೆಂದು ಕಲಿಸುವ ಪಾಠವನ್ನು ಪ್ರಶ್ನಿಸಬಲ್ಲ ವಿದ್ಯಾರ್ಥಿಯನ್ನೂ, ಆ ಪ್ರಶ್ನೆಯನ್ನು ತಾಳ್ಮೆಯಿಂದ ಆಲಿಸುವ ಗುರುವನ್ನೂ ಬೆಳೆಸುವುದು ವಿದ್ಯಾಲಯಗಳು ನಾಡಿಗೆ ಸಲ್ಲಿಸಬಹುದಾದ ದೊಡ್ಡ ಸೇವೆ.