ಮೊಟ್ಟೆಯಿಡದ ಹೇಟೆಯನ್ನು ಸಂತೆಗೆ ಒಯ್ಯುವ ಮುನ್ನ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಬಹುಪಾಲು ಬೇಸಾಯ ಮಳೆಯನ್ನೇ ನಂಬಿದೆ. ರಾಗಿ, ಕಡಲೆಕಾಯಿ ಕೈಕೊಟ್ಟ ವರ್ಷದಲ್ಲಿಯೂ ಹಿತ್ತಿಲಿನ ನಾಲ್ಕಾರು ಕೋಳಿಗಳಿಂದ ಉಪ್ಪು, ಎಣ್ಣೆ, ಮಕ್ಕಳ ಪುಸ್ತಕದ ಖರ್ಚು ಅಷ್ಟಿಷ್ಟು ನಡೆಯುತ್ತದೆ. ಈ ಹಣ ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳ ಕೈಯದು. ಒಂದೇ ಹಿತ್ತಿಲಿನಲ್ಲಿ ಒಂದು ಕೋಳಿ ಮೊಟ್ಟೆ ಇಡುತ್ತಿದ್ದು ಇನ್ನೊಂದು ಇಡದಿದ್ದರೆ, ಇಡದಿರುವುದನ್ನು ಸಂತೆಗೆ ಒಯ್ಯುವುದು ವಾಡಿಕೆ. ಹೀಗೆ ಮಾರಿದವುಗಳಲ್ಲಿ ಒಳ್ಳೆಯ ಹೇಟೆಗಳೂ ಸೇರಿಹೋಗುತ್ತವೆ.

ಮೊಟ್ಟೆಯೊಂದು ಕೋಳಿಯ ದೇಹದಲ್ಲಿ ಸಿದ್ಧವಾಗಲು ಸುಮಾರು 25 ಗಂಟೆ ಬೇಕು. ನಾಟಿ ಹೇಟೆ ಒಂದು ಸರದಿಗೆ 12ರಿಂದ 15 ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಕಾವು 21 ದಿನ. ಅನಂತರ ಎರಡು ತಿಂಗಳಿಗೂ ಹೆಚ್ಚು ಕಾಲ ಮರಿಗಳನ್ನು ಮೇಯಿಸುತ್ತದೆ. ಹೀಗಾಗಿ ವರ್ಷಕ್ಕೆ ಮೂರು ನಾಲ್ಕು ಸರದಿ, ಒಟ್ಟು 50-60 ಮೊಟ್ಟೆ. ಇದು ರೋಗವಲ್ಲ, ತಾಯಿಯ ಕೆಲಸ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿ 130-150 ಮೊಟ್ಟೆ ಇಡುತ್ತದೆಂದು ನಾಟಿಯನ್ನು ಹಳಿಯುವವರುಂಟು. ಆದರೆ ಗಿರಿರಾಜ ಕಾವಿಗೆ ಕೂರುವುದಿಲ್ಲ. ಹಳ್ಳಿಯಲ್ಲಿ ಅದರ ಮೊಟ್ಟೆಯನ್ನೂ ನಾಟಿ ಹೇಟೆಯ ಹೊಟ್ಟೆಯಡಿಯಲ್ಲಿಯೇ ಇಟ್ಟು ಮರಿ ಮಾಡಿಸಬೇಕು.

ಮರಿ ಬೇಡವೆಂದಾದರೆ ಕಾವು ಬಿಡಿಸಬಹುದು. ಇದಕ್ಕಾಗಿ ಮೂಗಿಗೆ ಪುಕ್ಕ ಚುಚ್ಚುವುದು, ನೀರಿನಲ್ಲಿ ಮುಳುಗಿಸುವುದು ಕೆಲವೆಡೆ ರೂಢಿಯಲ್ಲಿದೆ. ಇದು ಬರೀ ಹಿಂಸೆ. ಹುಲ್ಲು ಹಾಸದೆ, ನೆಲದಿಂದ ಮೇಲೆತ್ತಿ ಕಟ್ಟಿದ ಗಾಳಿಯಾಡುವ ಬಿದಿರು ಬುಟ್ಟಿಯಲ್ಲಿ ಮೂರರಿಂದ ಐದು ದಿನ ನೀರು, ಕಾಳು ಕೊಟ್ಟು ಕೂಡಿಟ್ಟರೆ ಹೊಟ್ಟೆಯ ಕಾವು ತಣಿಯುತ್ತದೆ. ಎರಡು ಮೂರು ವಾರಗಳಲ್ಲಿ ಮತ್ತೆ ಇಡತೊಡಗುತ್ತದೆ.

ಪುಕ್ಕ ಉದುರಿಸುವ ಕಾಲದಲ್ಲಿಯೂ ಎರಡು ಮೂರು ತಿಂಗಳು ಮೊಟ್ಟೆ ನಿಲ್ಲುತ್ತದೆ. ಇಲ್ಲಿ ಕಣ್ಣಿಗೆ ಮೋಸವಾಗುವುದು ಹೆಚ್ಚು. ಚೆನ್ನಾಗಿ ಇಡುವ ಹೇಟೆ ತಡವಾಗಿ, ಒಮ್ಮೆಲೇ ಪುಕ್ಕ ಉದುರಿಸಿ ಬೋಳುಬೋಳಾಗಿ ಕಾಣುತ್ತದೆ. ಇಡದ ಕೋಳಿ ನುಣುಪಾಗಿ, ಕೊಬ್ಬಿ ಅಂದವಾಗಿರುತ್ತದೆ. ಕೊನೆಗೆ ಮಾರಾಟವಾಗುವುದು ಬೋಳು ಕೋಳಿಯೇ!

ಬೇಸಿಗೆಯ ವಿಷಯ ಬೇರೆ. ಒಕ್ಕಣೆ ಕಾಲದಲ್ಲಿ ಕಣದಲ್ಲಿ ಕಾಳು, ಹುಳು ಎರಡೂ ಧಾರಾಳ. ಮಾರ್ಚಿ ತಿಂಗಳಿನಿಂದ ಹುಳುಹುಪ್ಪಟೆ ಇರುವುದಿಲ್ಲ, ಹಸಿರೂ ಇರುವುದಿಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಹೆಚ್ಚೆಂಬುದು ನಿಜ. ಆದರೂ 100 ಗ್ರಾಂ ರಾಗಿಯಲ್ಲಿ ಇರುವುದು ಗ್ರಾಮಿನ ಮೂರನೆಯ ಒಂದು ಪಾಲು. ಒಂದು ಮೊಟ್ಟೆಯ ಚಿಪ್ಪಿಗೆ ಬೇಕಾದುದು ಒಂದೂವರೆ ಗ್ರಾಂ. ಒಣಗಿಸಿ ಪುಡಿ ಮಾಡಿದ ಮೊಟ್ಟೆ ಚಿಪ್ಪು ಅಥವಾ ಕಪ್ಪೆಚಿಪ್ಪಿನ ಪುಡಿಯನ್ನು ಒಂದು ಕುಡಿಕೆಯಲ್ಲಿ ಇಟ್ಟರೆ ಬೇಕಾದಷ್ಟನ್ನು ಕೋಳಿಯೇ ತಿನ್ನುತ್ತದೆ. ಮಾಂಸಪೋಷಕಕ್ಕೆ ಗೆದ್ದಲು ಉತ್ತಮ. ಸಗಣಿ, ಒಣಹುಲ್ಲು ತುಂಬಿದ ಮಡಕೆಯನ್ನು ಹುತ್ತದ ಬಳಿ ರಾತ್ರಿ ಬೋರಲು ಹಾಕಿ ಬೆಳಿಗ್ಗೆ ತರಬಹುದು. ಕಡಲೆಕಾಯಿ ಹಿಂಡಿಯೂ ಸ್ವಲ್ಪ ಆಗಬಹುದು. ಬೂಸ್ಟು ಹಿಡಿದ ಹಿಂಡಿಯನ್ನಾಗಲಿ, ಕೆಟ್ಟ ಬೀಜವನ್ನಾಗಲಿ ಹಾಕಲೇಬಾರದು. ಅದರಲ್ಲಿನ ವಿಷವು ಈಲಿಯನ್ನು ಕೆಡಿಸಿ ಮೊಟ್ಟೆಯನ್ನೇ ನಿಲ್ಲಿಸುತ್ತದೆ.

ಮೊಟ್ಟೆಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು ನೀರು. ನೆರಳಿನಲ್ಲಿ ಮಣ್ಣಿನ ಪಾತ್ರೆಯಲ್ಲಿಟ್ಟ ತಣ್ಣೀರು ಪಾವಗಡದ ಬಿಸಿಲಿನಲ್ಲಿ ಕಾಳಿಗಿಂತ ಮುಖ್ಯ.

ರಾತ್ರಿ ಗೂಡಿನ ಬಿರುಕುಗಳಿಂದ ಹೊರಬಂದು ರಕ್ತ ಹೀರುವ ಉಣ್ಣೆ ಹಗಲಿನಲ್ಲಿ ಕಾಣಿಸದು. ಕೋಳಿ ಬಿಳಿಚಿಕೊಂಡು ಮೊಟ್ಟೆ ನಿಂತಿದ್ದರೆ ದೀಪ ಹಿಡಿದು ಗೂಡನ್ನು ನೋಡಬೇಕು. ಬಿರುಕುಗಳನ್ನು ಮಣ್ಣಿನಿಂದ ಮುಚ್ಚಿ ಸುಣ್ಣ ಬಳಿಯಬೇಕು. ಎಲ್ಲ ಕೋಳಿಗಳೂ ಒಟ್ಟಿಗೆ ಮೊಟ್ಟೆ ನಿಲ್ಲಿಸಿ ಹಸಿರು ಭೇದಿ ಮಾಡಿದರೆ ಕೊಕ್ಕರೆ ರೋಗದ ಶಂಕೆ. ಕೂಡಲೇ ಪಶುವೈದ್ಯರಿಗೆ ತಿಳಿಸತಕ್ಕದ್ದು.

ಕೆಲವು ಹೇಟೆಗಳು ಇಡುತ್ತಲೇ ಇರುತ್ತವೆ, ಆದರೆ ಹುಲ್ಲಿನ ಮೆದೆಯಲ್ಲೋ ಬೇಲಿಯಲ್ಲೋ! ಬೆಳಿಗ್ಗೆ ಹತ್ತು ಗಂಟೆಯವರೆಗೆ ಕೂಡಿಹಾಕಿದರೆ ಗುಟ್ಟು ಬಯಲಾಗುತ್ತದೆ. ಅನುಭವಸ್ಥ ಹೆಂಗಸರು ಬೆರಳಿಟ್ಟು ನೋಡಿಯೇ ನಾಳಿನ ಮೊಟ್ಟೆ ಹೇಳುತ್ತಾರೆ.

ಬಾಲದ ಕೆಳಗೆ ದ್ವಾರದ ಎರಡೂ ಬದಿ ಮೊನೆಯಾದ ಎಲುಬುಗಳಿವೆ. ಅವುಗಳ ನಡುವೆ ಎರಡು ಬೆರಳು ಹಿಡಿದು, ದ್ವಾರ ಅಗಲವಾಗಿ ತೇವವಾಗಿದ್ದರೆ ಕೋಳಿ ಇಡುತ್ತಿದೆ; ಒಂದೇ ಬೆರಳು ಹಿಡಿದು ಒಣಗಿದ್ದರೆ ಇಲ್ಲ. ಆದರೆ ಈ ಪರೀಕ್ಷೆ ಇಂದಿನ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಕಾವು, ಪುಕ್ಕ ಉದುರುವಿಕೆ, ಉಣ್ಣೆ ಯಾವುದೂ ಇಲ್ಲದೆ, ಒಕ್ಕಣೆಯ ಸಮೃದ್ಧಿಯಲ್ಲಿಯೂ ಎಲುಬು ಬಿಗಿದೇ ಇದ್ದರೆ, ಅಥವಾ ಮೂರು ವರ್ಷ ಮೀರಿದ್ದರೆ, ಅದನ್ನು ಮಾರಬಹುದು. ಚೆನ್ನಾಗಿ ಇಟ್ಟು ಮರಿಗಳನ್ನೂ ಉಳಿಸಿದ ಹೇಟೆಯ ಕಾಲಿಗೆ ಬಣ್ಣದ ದಾರ ಕಟ್ಟಿ, ಮುಂದಿನ ಕಾವಿಗೆ ಅದರ ಮೊಟ್ಟೆಗಳನ್ನೇ ಎತ್ತಿಡಬೇಕು.