ಒಬ್ಬನ ಟೊರೆಂಟ್, ಎಲ್ಲರ ತೊಂದರೆ

ನಮ್ಮೂರು ಅಣಶಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನೊಳಗಿನ ಊರು. ಸಿಗ್ನಲ್ ಹುಡುಕಿಕೊಂಡು ರಸ್ತೆಯ ತಿರುವಿಗೆ ಹೋಗಿ ನಿಲ್ಲುವುದು ನನಗೆ ರೂಢಿ. ಹಾಗಾಗಿ ದಾಂಡೇಲಿಯ ಬಾಡಿಗೆ ರೂಮಿನಲ್ಲಿ ಟಿ.ವಿ. ಕೇಬಲ್ಲಿನಲ್ಲೇ ಬ್ರಾಡ್‌ಬ್ಯಾಂಡ್ ಸಿಕ್ಕಾಗ ನನಗೆ ಹಬ್ಬವೇ ಆಯಿತು. ಹಗಲು ರಾತ್ರಿ ಬಿಟ್‌ಟೊರೆಂಟ್ ಹಚ್ಚಿಡುತ್ತಿದ್ದೆ.

ವಿದ್ಯಾರ್ಥಿವೇತನದ ಅರ್ಜಿಗೆ ಅಂದು ಕೊನೆಯ ದಿನ. ರೂಮಿನ ಗೆಳೆಯ ಆದಾಯ ಪ್ರಮಾಣಪತ್ರ ಅಪ್‌ಲೋಡ್ ಮಾಡಲು ಕೂತ. ಪರದೆಯ ಮೇಲೆ ಚಕ್ರ ತಿರುಗಿದ್ದೇ ತಿರುಗಿದ್ದು. "ಲೈನ್ ಸರಿ ಇಲ್ಲ ಕಾಣತೈತಿ" ಅಂದ. ಲೈನ್ ಸರಿಯಾಗಿಯೇ ಇತ್ತು. ರಾತ್ರಿ ಹನ್ನೊಂದೂವರೆಗೆ ನಾನು ಟೊರೆಂಟ್ ನಿಲ್ಲಿಸಿದೆ. ಎರಡೇ ನಿಮಿಷದಲ್ಲಿ ಅರ್ಜಿ ಹೋಯಿತು. ಯಾಕೆ ಹೀಗಾಯಿತೆಂದು ಆಮೇಲೆ ಓದಿ ತಿಳಿದುಕೊಂಡೆ.

ಸಾಮಾನ್ಯ ವೆಬ್‌ಸೈಟಿನಲ್ಲಿ ಸರ್ವರ್ ಕೊಡುತ್ತದೆ, ನಾವು ಪಡೆಯುತ್ತೇವೆ. 2001ರಲ್ಲಿ ಬ್ರಾಮ್ ಕೋಹೆನ್ ರೂಪಿಸಿದ ಬಿಟ್‌ಟೊರೆಂಟ್‌ನಲ್ಲಿ ಫೈಲು ತುಂಡುತುಂಡಾಗಿರುತ್ತದೆ. ನಮಗೆ ಬಂದ ತುಂಡನ್ನು ನಮ್ಮ ಕಂಪ್ಯೂಟರೇ ಇತರರಿಗೂ ಕಳಿಸುತ್ತದೆ. ಡೌನ್‌ಲೋಡ್ ಮುಗಿದರೂ ನಾವು ನಿಲ್ಲಿಸುವ ತನಕ ಅಪ್‌ಲೋಡ್ ನಡೆದೇ ಇರುತ್ತದೆ.

ಕೇಬಲ್ ಜಾಲ ಹುಟ್ಟಿದ್ದು ಟಿ.ವಿ.ಗಾಗಿ, ಅಂದರೆ ಮನೆಯ ಕಡೆಗೆ ಕಳಿಸುವುದಕ್ಕೆ. ಮನೆಯಿಂದ ಹೊರಗೆ ಹೋಗುವ ದಾರಿಗೆ ಅಮೆರಿಕದ ಹಳೆಯ ವ್ಯವಸ್ಥೆಯಲ್ಲಿ 5ರಿಂದ 42 ಮೆಗಾಹರ್ಟ್ಸ್‌ವರೆಗಿನ ಸಣ್ಣ ಪಟ್ಟಿ ಮಾತ್ರ ಉಳಿಯಿತು. ಅದನ್ನೂ ಓಣಿಯ ಹಲವು ಮನೆಗಳು ಹಂಚಿಕೊಳ್ಳಬೇಕು. ಅಣಶಿ ಘಟ್ಟದಲ್ಲಿ ಒಂದು ಲಾರಿ ತೆವಳಿದರೆ ಹಿಂದಿನ ಬಸ್ಸುಗಳೆಲ್ಲ ನಿಲ್ಲುವ ಹಾಗೆ, ಈ ಕಿರುದಾರಿ ತುಂಬಿದರೆ ಎಲ್ಲರೂ ಕಾಯಬೇಕು. ಡೌನ್‌ಲೋಡ್ ಕೂಡ ಕುಂಟುತ್ತದೆ. ಏಕೆಂದರೆ ಬಂದ ದತ್ತಾಂಶಕ್ಕೆ "ಮುಟ್ಟಿತು" ಎಂಬ ಉತ್ತರ ಇದೇ ದಾರಿಯಲ್ಲಿ ಹೋಗಬೇಕು. ಜೊತೆಗೆ ಟೊರೆಂಟ್ ಏಕಕಾಲಕ್ಕೆ ಹತ್ತಾರು ಸಂಪರ್ಕ ತೆರೆದು, ಒಂದೇ ಸಂಪರ್ಕ ತೆರೆದವನಿಗಿಂತ ಹೆಚ್ಚು ಪಾಲು ಎಳೆದುಕೊಳ್ಳುತ್ತದೆ.

ಇದೇ ಕಾರಣ ಹೇಳಿ ಅಮೆರಿಕದ ಕಾಮ್‌ಕಾಸ್ಟ್ ಕಂಪನಿ ಗ್ರಾಹಕರ ಟೊರೆಂಟ್ ಸಂಪರ್ಕಗಳನ್ನು ಗುಟ್ಟಾಗಿ ಕಡಿಯುತ್ತಿದ್ದುದು 2007ರಲ್ಲಿ ಬಯಲಾಯಿತು. 2008ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಅದು ತಪ್ಪೆಂದಿತು. 2010ರಲ್ಲಿ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಇನ್ನೊಂದೆಡೆ ತಂತ್ರಜ್ಞರು ಬೇರೆ ದಾರಿ ಹುಡುಕಿದರು. ದಾರಿಯಲ್ಲಿ ವಿಳಂಬ ಕಂಡೊಡನೆ ತಾನೇ ಹಿಂದೆ ಸರಿಯುವ 'ಲೆಡ್‌ಬ್ಯಾಟ್' ವಿಧಾನ 2012ರಲ್ಲಿ ಪ್ರಕಟವಾಯಿತು.

ಗೆಳೆಯರೇ, ಟೊರೆಂಟ್ ತಾನಾಗಿ ಅಪರಾಧವಲ್ಲ. ಲಿನಕ್ಸ್‌ನಂಥ ಮುಕ್ತ ತಂತ್ರಾಂಶ ಅದರಲ್ಲೇ ಹಂಚಿಕೆಯಾಗುತ್ತದೆ. ಕದ್ದ ಸಿನಿಮಾ ಇಳಿಸುವುದು ಮಾತ್ರ ಅಪರಾಧ. ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಿ, ಕೆಲಸ ಮುಗಿದ ಮೇಲೆ ಮುಚ್ಚಿ. ಅರ್ಜಿಯ ಕೊನೆಯ ದಿನ ಅದನ್ನು ಮುಟ್ಟಲೇಬೇಡಿ. ಅಂದು ಇನ್ನರ್ಧ ಗಂಟೆ ತಡವಾಗಿದ್ದರೆ ನನ್ನ ಗೆಳೆಯನ ಒಂದು ವರ್ಷದ ಫೀಸು ನನ್ನಿಂದಾಗಿ ಹೋಗುತ್ತಿತ್ತು.