ಶಾಲೆಗಳಲ್ಲಿ ಪ್ರಾತಃಕಾಲದ ಪ್ರತಿಜ್ಞೆ: ಒಂದು ಚಾರಿತ್ರಿಕ ವಿವೇಚನೆ

ನಮ್ಮ ಶಾಲೆಗಳಲ್ಲಿ ಪಾಠವು ಆರಂಭವಾಗುವ ಮೊದಲು ಮಕ್ಕಳು ಸಾಲಾಗಿ ನಿಂತು, ಬಲಗೈಯನ್ನು ಮುಂದಕ್ಕೆ ಚಾಚಿ, ದೇಶಭಕ್ತಿಯ ಪ್ರತಿಜ್ಞೆಯೊಂದನ್ನು ಒಕ್ಕೊರಲಿನಿಂದ ಹೇಳುವ ವಾಡಿಕೆಯು ಎಲ್ಲರಿಗೂ ಪರಿಚಿತವಾದುದು. ಪರಿಚಯವು ಅತಿಯಾದುದರಿಂದಲೋ ಏನೋ, ಅದರ ಚರಿತ್ರೆಯನ್ನು ವಿಚಾರಿಸುವವರು ವಿರಳ. 2023ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಕರ್ನಾಟಕದ ಮಂತ್ರಿಮಂಡಲವು ಶಾಲಾಕಾಲೇಜುಗಳಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಪ್ರತಿದಿನವೂ ಓದಿಸಬೇಕೆಂದು ತೀರ್ಮಾನಿಸಿದ ಮೇಲೆ ಈ ವಿಷಯವು ಮರಳಿ ಚರ್ಚೆಗೆ ಬಂದಿದೆ. ದಿನನಿತ್ಯವೂ ಹೇಳಿಸುವುದರಿಂದ ದೇಶಾಭಿಮಾನವು ಬೆಳೆಯುವುದೇ, ಹೇಳಲೊಲ್ಲದ ಮಗುವನ್ನು ನಾವು ಹೇಗೆ ಕಾಣಬೇಕು ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗುವುದು.

ಹಳೆಯ ಮೈಸೂರು ಸಂಸ್ಥಾನದ ಶಾಲೆಗಳಲ್ಲಿ ಹಾಡಲ್ಪಡುತ್ತಿದ್ದುದು ಬಸವಪ್ಪಶಾಸ್ತ್ರಿಗಳು ರಚಿಸಿದ ‘ಕಾಯೌ ಶ್ರೀ ಗೌರಿ’ ಎಂಬ ಗೀತೆ. ಅದು ದೇವಿಯಲ್ಲಿ ಅರಸನ ಕ್ಷೇಮವನ್ನು ಬೇಡುವ ಪ್ರಾರ್ಥನೆ. ಹಾಡುವ ಬಾಲಕನು ಅಲ್ಲಿ ಪ್ರಜೆ ಮಾತ್ರ. ಅವನು ಯಾವ ಹೊಣೆಯನ್ನೂ ಹೊರುವುದಿಲ್ಲ, ಯಾವ ಮಾತನ್ನೂ ಕೊಡುವುದಿಲ್ಲ. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡು ಒಂದಾದಾಗ, ಬೇರೆ ಬೇರೆ ಪಾಠಕ್ರಮಗಳಲ್ಲಿ ಬೆಳೆದ ಮಕ್ಕಳೂ ಒಂದೇ ವಿದ್ಯಾಶಾಖೆಯ ಅಧೀನಕ್ಕೆ ಬಂದರು. ಇವರೆಲ್ಲರೂ ಕೂಡಿ ಹೇಳಬಲ್ಲ ಮಾತೊಂದು ಬೇಕೆಂದು ತೋರಿದುದು ಸಹಜವೇ ಆಗಿದೆ.

ಆ ಮಾತು ಬಂದುದು ನೆರೆಯ ಆಂಧ್ರದಿಂದ. ನಲ್ಲಗೊಂಡ ಜಿಲ್ಲೆಯವರಾದ ಪೈಡಿಮರ್ರಿ ವೆಂಕಟ ಸುಬ್ಬರಾಯರು 1962ರಲ್ಲಿ ವಿಶಾಖಪಟ್ಟಣದಲ್ಲಿ ಜಿಲ್ಲಾ ಖಜಾನೆಯ ಅಧಿಕಾರಿಗಳಾಗಿದ್ದಾಗ ತೆಲುಗಿನಲ್ಲಿ ಇದನ್ನು ಬರೆದರು. ಮರುವರ್ಷ ಅದೇ ಪಟ್ಟಣದ ಶಾಲೆಯೊಂದರಲ್ಲಿ ಅದನ್ನು ಮೊದಲು ಓದಿಸಲಾಯಿತು. 1962ರ ಅಕ್ಟೋಬರಿನಲ್ಲಿ ಚೀನಾದೊಡನೆ ಯುದ್ಧವು ಸಂಭವಿಸಿದ್ದರಿಂದ ಐಕ್ಯದ ಮಾತಿಗೆ ಆಗ ವಿಶೇಷವಾದ ತೂಕವಿತ್ತು. ಆದರೂ ಪ್ರತಿಜ್ಞೆಯ ಒಡಲಿನಲ್ಲಿ ಶತ್ರುವಿನ ಹೆಸರಿಲ್ಲ, ಯುದ್ಧದ ಸೊಲ್ಲಿಲ್ಲ, ದೇವರ ಪ್ರಸ್ತಾಪವೂ ಇಲ್ಲ. ದೇಶವಾಸಿಗಳೆಲ್ಲರೂ ಒಡಹುಟ್ಟಿದವರೆಂದು ಬಗೆಯುವುದು, ನಾಡಿನ ಪರಂಪರೆಗೆ ತಕ್ಕವನಾಗಿ ಬಾಳಲು ಯತ್ನಿಸುವುದು, ತಂದೆತಾಯಿಗಳನ್ನೂ ಗುರುಹಿರಿಯರನ್ನೂ ಗೌರವಿಸುವುದು, ಎಲ್ಲರೊಡನೆಯೂ ಸೌಜನ್ಯದಿಂದ ನಡೆಯುವುದು: ಇಷ್ಟೇ ಅದರ ಸಾರ. ಖಜಾನೆಯ ಲೆಕ್ಕಪತ್ರಗಳ ನಡುವೆ ಕುಳಿತವರೊಬ್ಬರಿಂದ ಇಷ್ಟು ಸೌಮ್ಯವಾದ ಬರಹವು ಹೊರಟುದು ಮೆಚ್ಚತಕ್ಕ ಸಂಗತಿ.

ಅದು ಅಖಿಲಭಾರತದ ಪ್ರತಿಜ್ಞೆಯಾದುದು ನಮ್ಮ ಬೆಂಗಳೂರಿನಲ್ಲಿಯೇ. ಎಂ. ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ 1964ರ ಅಕ್ಟೋಬರಿನಲ್ಲಿ ಅಲ್ಲಿ ಸೇರಿದ ಕೇಂದ್ರ ವಿದ್ಯಾ ಸಲಹಾ ಮಂಡಲಿಯು ಇದನ್ನು ಶಾಲೆಗಳಲ್ಲಿ ಹೇಳಿಸಬೇಕೆಂದು ಸಲಹೆಮಾಡಿತು. 1965ರ ಗಣರಾಜ್ಯ ದಿನದಿಂದ ಅದು ಬಳಕೆಗೆ ಬಂದಿತು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಇದಕ್ಕೆ ಮುಂಚೆ, 1961ರಲ್ಲಿ ಡಾ. ಸಂಪೂರ್ಣಾನಂದರ ಅಧ್ಯಕ್ಷತೆಯಲ್ಲಿ ನೇಮಕವಾಗಿದ್ದ ಭಾವೈಕ್ಯ ಸಮಿತಿಯು ವಿದ್ಯಾರ್ಥಿಗಳಿಗೆ ಪ್ರತಿಜ್ಞೆ ಬೇಕೆಂದಿತ್ತಾದರೂ, ಅದನ್ನು ಮಾಡಿಸಬೇಕೆಂದುದು ವರ್ಷಕ್ಕೆ ಎರಡು ಸಲ. ಎರಡು ಸಲದ ವ್ರತವು ನಿತ್ಯವಿಧಿಯಾಯಿತು. ಅಮೆರಿಕದಲ್ಲಿಯೂ ಹೀಗೆಯೇ ಆಗಿತ್ತು. ಅಲ್ಲಿ 1892ರಲ್ಲಿ ಫ್ರಾನ್ಸಿಸ್ ಬೆಲ್ಲಮಿಯು ಬರೆದ ಧ್ವಜವಂದನೆಯ ವಾಕ್ಯವು ಕೊಲಂಬಸನ ಯಾನದ ನಾನೂರನೆಯ ವರ್ಷದ ಉತ್ಸವಕ್ಕೆಂದು ಸಿದ್ಧವಾದುದು. ಕಾಲಕ್ರಮದಲ್ಲಿ ಅದೂ ದಿನಚರಿಯಾಯಿತು. (ಅಲ್ಲಿಯ ಮಕ್ಕಳೂ ಮೊದಲು ಕೈಯನ್ನು ಮುಂದಕ್ಕೆ ಚಾಚುತ್ತಿದ್ದರು. ನಾಜಿಗಳ ವಂದನೆಯನ್ನು ಅದು ಹೋಲುತ್ತದೆಂದು 1942ರಲ್ಲಿ ಕೈಬಿಟ್ಟರು. ನಮ್ಮಲ್ಲಿ ಆ ಭಂಗಿಯ ಬಗೆಗೆ ಯಾರೂ ತಲೆಕೆಡಿಸಿಕೊಂಡಂತಿಲ್ಲ.)

ನಿತ್ಯವೂ ಹೇಳುವುದರ ಫಲವೇನು? ಪ್ರಥಮ ವರ್ಷದ ತರಗತಿಯೊಂದರಲ್ಲಿ ನಾನು ಈ ಪ್ರಶ್ನೆಯನ್ನು ಸುತ್ತುಬಳಸಿ ಕೇಳಿದೆನು. ಹತ್ತು ವರ್ಷ ಪ್ರತಿಜ್ಞೆ ಹೇಳಿ ಬಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವಿದ್ಯಾರ್ಥಿಗಳು ಅದನ್ನು ತಡವರಿಸದೆ ಒಪ್ಪಿಸಿದರು. ‘ಪರಂಪರೆ ಎಂದರೇನು? ನಿಮ್ಮ ಊರಿನಲ್ಲಿ ಅದು ಎಲ್ಲಿದೆ?’ ಎಂದುದಕ್ಕೆ ಬಹಳ ಹೊತ್ತು ಉತ್ತರವಿಲ್ಲ. ಕೊನೆಗೆ ಒಬ್ಬನು ಚಿತ್ರದುರ್ಗದ ಕೋಟೆ ಎಂದನು. ಯಲ್ಲದಕೆರೆಯಿಂದ ಬಂದ ವಿದ್ಯಾರ್ಥಿಗೂ ತನ್ನ ಊರಿನ ಹೆಸರಿನಲ್ಲಿಯೇ ಒಂದು ಕೆರೆಯಿದೆಯೆಂದು ಹೊಳೆಯಲಿಲ್ಲ. ಮಳೆ ಕಡಮೆಯಾದ ಈ ಸೀಮೆಯಲ್ಲಿ ಕೆರೆಗೆ ಏರಿ ಕಟ್ಟಿ ತೂಬು ಇಟ್ಟವರ ಜಾಣ್ಮೆ, 1907ರ ವೇಳೆಗೆ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ, ಇವೂ ಪರಂಪರೆಯೇ ಎಂದು ವಿವರಿಸಿದ ಬಳಿಕ ಅವರ ಮುಖವು ಬೇರೆಯಾಯಿತು. ಬಾಯಿಪಾಠವು ದೋಷವೆಂದು ನಾನು ಹೇಳುವುದಿಲ್ಲ, ಮಗ್ಗಿಯೂ ಬಾಯಿಪಾಠವೇ. ಆದರೆ ಮಗ್ಗಿಯನ್ನು ಉಪಾಧ್ಯಾಯರು ಆಮೇಲೆ ಲೆಕ್ಕಕ್ಕೆ ಹಚ್ಚುತ್ತಾರೆ; ಪ್ರತಿಜ್ಞೆಯನ್ನು ಹಚ್ಚುವುದಿಲ್ಲ.

ಇನ್ನೊಂದು ಮಗ್ಗುಲೂ ಉಂಟು. ಊರೊಳಗಿನ ಮಗು, ಗೊಲ್ಲರಹಟ್ಟಿಯ ಮಗು, ಕಾಲೋನಿಯ ಮಗು ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗುವಂತೆ ನಿಂತು ಎಲ್ಲರೂ ಒಡಹುಟ್ಟಿದವರೆಂದು ಹೇಳುವುದು ನಮ್ಮ ಹಳ್ಳಿಗಳಲ್ಲಿ ಅಲ್ಪವಾದ ಕಾರ್ಯವಲ್ಲ. ಹಿರಿಯರು ಅಷ್ಟು ಹತ್ತಿರ ನಿಲ್ಲುವ ಸ್ಥಳಗಳು ಇಂದಿಗೂ ಕೆಲವೇ. ಪ್ರತಿಜ್ಞೆಯನ್ನು ಪೂರ್ತಿಯಾಗಿ ಬಿಟ್ಟುಬಿಡಬೇಕೆನ್ನುವವರು ಈ ಸಾಲನ್ನು ಒಮ್ಮೆ ನೋಡಬೇಕು. ಊಟದ ಪಂಕ್ತಿಯಲ್ಲಿಯೂ ಅದೇ ಸಾಲು ಉಳಿದಿದೆಯೇ ಎಂಬುದನ್ನು ಅದನ್ನು ಹೊಗಳುವವರು ನೋಡಬೇಕು.

ಒತ್ತಾಯದ ಪ್ರಶ್ನೆಗೆ ನ್ಯಾಯಾಲಯವು ದಾರಿಯನ್ನು ತೋರಿದೆ. 1985ರಲ್ಲಿ ಕೇರಳದ ಮೂವರು ಮಕ್ಕಳು ತಮ್ಮ ಮತದ ನಂಬಿಕೆಯಿಂದ ರಾಷ್ಟ್ರಗೀತೆಯನ್ನು ಹಾಡದೆ, ಆದರೆ ಗೌರವದಿಂದ ಎದ್ದುನಿಂತರು. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಸರ್ವೋಚ್ಚ ನ್ಯಾಯಾಲಯವು 1986ರ ಆಗಸ್ಟ್‌ನಲ್ಲಿ, ಹಾಡಲೇಬೇಕೆಂಬ ಕಾನೂನು ಇಲ್ಲವೆಂದೂ ಹೊರಹಾಕಿದುದು ಮೂಲಭೂತ ಹಕ್ಕುಗಳಿಗೆ ವಿರುದ್ಧವೆಂದೂ ತೀರ್ಪಿತ್ತಿತು. ಅಮೆರಿಕದ ನ್ಯಾಯಾಲಯವು 1940ರಲ್ಲಿ ಒತ್ತಾಯವನ್ನು ಎತ್ತಿಹಿಡಿದು, ಮಹಾಯುದ್ಧವು ನಡೆಯುತ್ತಿರುವಾಗಲೇ, 1943ರಲ್ಲಿ, ತನ್ನ ತೀರ್ಪನ್ನು ತಾನೇ ಬದಲಾಯಿಸಿತೆಂಬುದನ್ನು ಇದರೊಡನೆ ಇಟ್ಟು ನೋಡಬಹುದು. ಕೇರಳದ ಮೊಕದ್ದಮೆಯು ಗೀತೆಯನ್ನು ಕುರಿತದ್ದಾದರೂ ಅದರ ತರ್ಕವು ಪ್ರತಿಜ್ಞೆಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಹಾಡು ಭಾವದ ಪ್ರಕಾಶನ. ಪ್ರತಿಜ್ಞೆಯಾದರೋ ಕೊಟ್ಟ ಮಾತು. ಬಲಾತ್ಕಾರದಿಂದ ಕೊಡಿಸಿದ ಮಾತನ್ನು ಯಾವ ಶಾಸ್ತ್ರವೂ ಮಾತೆಂದು ಎಣಿಸುವುದಿಲ್ಲ.

ಪ್ರಸ್ತಾವನೆಯ ಸ್ಥಿತಿಯು ಬೇರೆ. ಅದರ ಕರ್ತೃಪದ ‘ನಾವು’. 1949ರ ನವೆಂಬರ್ 26ರಂದು ಮಾಡಿ ಮುಗಿಸಿದ ಕಾರ್ಯವನ್ನು ಅದು ಸಾರುತ್ತದೆ. ಅದು ವಾಗ್ದಾನವಲ್ಲ, ಅಧಿಕಾರವು ಎಲ್ಲಿಂದ ಹುಟ್ಟಿತೆಂಬುದರ ದಾಖಲೆ. ಆದುದರಿಂದ ಅದು ಮೈದಾನಕ್ಕಿಂತ ತರಗತಿಗೆ ಹೆಚ್ಚು ತಕ್ಕುದು. ‘ಸಮಾಜವಾದಿ’, ‘ಧರ್ಮನಿರಪೇಕ್ಷ’ ಎಂಬ ಪದಗಳು 1976ರಲ್ಲಿ ಸೇರಿದುವೆಂಬುದನ್ನು ಒಂದು ಪಾಠದ ಅವಧಿಯಲ್ಲಿ ಹೇಳಬಹುದು, ಕೂಗಿಸುವುದರಿಂದ ಹೇಳಲಾಗದು.

ಆಗಸ್ಟ್ 15, ಜನವರಿ 26ರ ಎರಡು ದಿನ ಪ್ರತಿಜ್ಞೆಯನ್ನು ಸಾವಧಾನವಾಗಿ ಹೇಳಿಸಿ, ಉಳಿದ ದಿನಗಳಲ್ಲಿ ಅದರ ಒಂದೊಂದು ಪದವನ್ನು ಊರಿನ ನಿದರ್ಶನದೊಡನೆ ಐದು ನಿಮಿಷ ವಿವರಿಸುವುದು ಭಾವೈಕ್ಯ ಸಮಿತಿಯ ಮೂಲ ಆಶಯಕ್ಕೆ ಹೆಚ್ಚು ಹತ್ತಿರವಾದೀತು. ಮೌನವಾಗಿ ನಿಂತ ಮಗುವಿನ ಹೆಸರನ್ನು ಆ ದಿನ ಯಾರೂ ಬರೆದುಕೊಳ್ಳಬಾರದು.